ಮುಚ್ಚಳದ ಸುತ್ತಿನಲ್ಲಿ ಉಳಿದದ್ದು

ಐದೂವರೆಗೆ ಎದ್ದೆ. ನಳ ಬರುವ ದಿನವಾದ್ದರಿಂದ ಎರಡು ಕೊಡ, ಬಚ್ಚಲ ಹಂಡೆ, ಅಡುಗೆಮನೆಯ ಡ್ರಮ್ಮು ತುಂಬಿಸಿದೆ. ಅತ್ತೆಯವರ ಬಿಪಿ ಗುಳಿಗೆಯನ್ನು ಅವರ ಚಹದ ಬಟ್ಟಲ ಪಕ್ಕಕ್ಕಿಟ್ಟೆ. ಮನೆಯವರ ಡಬ್ಬಿಗೆ ಚಪಾತಿ, ಬದನೆಕಾಯಿ ಪಲ್ಯ ಹಾಕಿದೆ, ನನ್ನದಕ್ಕೆ ಮೊಸರನ್ನ. ನೆನೆಸಿಟ್ಟ ಹೆಸರುಕಾಳನ್ನು ಬಸಿದು ಬಟ್ಟೆಯಲ್ಲಿ ಕಟ್ಟಿದೆ. ಒಂಬತ್ತಕ್ಕೆ ಕೇಂದ್ರದ ಬೀಗ ತೆಗೆದು, ತೂಕದ ಯಂತ್ರದ ಮುಳ್ಳು ಸೊನ್ನೆಗೆ ತಂದು, ಗುಳಿಗೆ ಎಣಿಸುವ ಸ್ಟೀಲಿನ ತಾಟು ಒರೆಸಿ, ಆ ದಿನ ಬರಬೇಕಾದ ಹನ್ನೊಂದು ಜನರ ಫೈಲು ಹೊರಗೆ ತೆಗೆದಿಟ್ಟೆ. ಆಮೇಲೆ ಬಾಗಿಲು ಅರ್ಧ ಮುಂದೆ ಮಾಡಿ ಒಂದು ಫೋನು ಹಚ್ಚಿದೆ.

ಎತ್ತಿದವಳು ರೊಟ್ಟಿ ಬಡಿಯುವವಳ ನೆಗೆಣ್ಣಿ, ಅಂದರೆ ವಾರಗಿತ್ತಿ. ಐವತ್ತು ರೊಟ್ಟಿ ಬೇಕಾಗಿತ್ತು, ಇವತ್ತೇ ಬೇಕು ಎಂದೆ. "ಇವತ್ತಂದ್ರ ಹೆಂಗ್ರಿ, ಒಂದಿನ ಮೊದಲ ಹೇಳಬೇಕಿಲ್ಲ?" ಎಂದು ಗೊಣಗಿದಳು. ಹಿಂದಿನಿಂದ ರೊಟ್ಟಿಯವಳ ದನಿ ಕೇಳಿಸಿತು. ರೊಟ್ಟಿ ಇದಾವೆ, ತಾನೇ ಮುಟ್ಟಿಸಿ ಬರುವುದಾಗಿ ಹೇಳಬೇಕಂತೆ.

ಐವತ್ತು ಎಂದರೆ ಕೂಡಲೇ ಬಾ. ಇಪ್ಪತ್ತೈದು ಎಂದರೆ ಚೀಟಿಯಲ್ಲಿ ಬರೆದ ತಾರೀಖಿಗೆ ಬಂದರಾಯಿತು. ನಾನು ಎಚ್‌ಐವಿ ಇರುವವರಿಗೆ ಗುಳಿಗೆ ಕೊಡುವ ಕೇಂದ್ರದಲ್ಲಿ ಆಪ್ತ ಸಮಾಲೋಚಕಿ. ಇಂಥ ಕಡೆಯಿಂದ ಮಾತಾಡುತ್ತೇನೆ ಎಂದು ಯಾರ ಮನೆಗೂ ಫೋನು ಮಾಡುವಂತಿಲ್ಲ. ಒಬ್ಬರ ಮನೆಗೆ ನಾನು ಎಮ್ಮೆ ಕೊಳ್ಳುವವಳು, ಇನ್ನೊಬ್ಬರಿಗೆ ಕುಪ್ಪಸ ಹೊಲಿಯಲು ಕೊಟ್ಟ ಗಿರಾಕಿ. ಇವಳ ಮನೆಗೆ ರೊಟ್ಟಿ ಕೊಳ್ಳುವ ಅಕ್ಕ. ಖಾನಾವಳಿಗಳಿಗೆ ಜೋಳದ ಕಡಕ್ ರೊಟ್ಟಿ ಬಡಿದು ಕೊಡುವುದು ಅವಳ ಕೆಲಸ, ಆದ್ದರಿಂದ ನಾನೂ ಕೇಂದ್ರದವರೂ ಅವಳನ್ನು ರೊಟ್ಟಿಯವ್ವ ಎನ್ನುತ್ತೇವೆ. ನಾನು ಹೇಳಿದಷ್ಟು ರೊಟ್ಟಿಯನ್ನು ಅವಳು ನಿಜವಾಗಿಯೂ ಕಟ್ಟಿಕೊಂಡು ಬರುತ್ತಾಳೆ. ಬರಿಗೈಯಲ್ಲಿ ಹೊರಟರೆ ನೆಗೆಣ್ಣಿಗೆ ಸಂಶಯ ಬರುತ್ತದೆ. ಹೀಗಾಗಿ ಅವಳ ಆರೋಗ್ಯ ಕೆಟ್ಟ ತಿಂಗಳಲ್ಲಿ ನಮ್ಮ ಮನೆಯಲ್ಲಿ ರೊಟ್ಟಿ ಹೆಚ್ಚು.

ನಮ್ಮ ಕಡೆ ಈ ಗುಳಿಗೆಗಾಗಿ ಯಾರೂ ತಮ್ಮ ತಾಲೂಕಿನ ಊರಿಗೆ ಹೋಗಲು ಒಪ್ಪುವುದಿಲ್ಲ. ಇಂಡಿ ತಾಲೂಕಿನವರು ಸಿಂದಗಿಗೆ ಹೋಗುತ್ತಾರೆ, ಸಿಂದಗಿಯವರು ಬಸವನ ಬಾಗೇವಾಡಿಗೆ, ಬಾಗೇವಾಡಿಯವರು ಮುದ್ದೇಬಿಹಾಳಕ್ಕೆ. ಅಲ್ಲಿಯವರು ಮತ್ತೆಲ್ಲಿಗೋ. ಎದುರುಬದುರಾಗಿ ಹಾಯುವ ಎರಡು ಬಸ್ಸುಗಳಲ್ಲಿ ಇವರು ಅಲ್ಲಿಗೆ, ಅವರು ಇಲ್ಲಿಗೆ ಹೊರಟಿರುತ್ತಾರೆ. ಪರಿಚಯದವರು ಕಾಣುತ್ತಾರೆಂಬ ಹೆದರಿಕೆಗೆ ತಾಸುಗಟ್ಟಲೆ ದಾರಿ. ಈ ನಾಲ್ಕರಲ್ಲಿ ನನ್ನ ಕೇಂದ್ರ ಯಾವುದೆಂದು ಬರೆಯುವುದಿಲ್ಲ, ಅವಳ ಊರನ್ನೂ ಬರೆಯುವುದಿಲ್ಲ. "ಬರೀರಿ ಅಕ್ಕಾರ, ಹೆಸರೊಂದು ಬ್ಯಾಡ" ಎಂದು ಅವಳು ಹೇಳಿದ್ದರಿಂದ ಇಷ್ಟನ್ನಾದರೂ ಬರೆಯುತ್ತಿದ್ದೇನೆ.

ಆ ದಿನ ಐವತ್ತು ರೊಟ್ಟಿ ಏಕೆ ಬೇಕಾಯಿತು ಎಂಬುದಕ್ಕೆ ಒಂದು ವರ್ಷ ಹಿಂದೆ ಹೋಗಬೇಕು.

ಗುಳಿಗೆ ತಿನ್ನುವವರ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸುತ್ತೇವೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಯಂತ್ರ ಎಣಿಸುತ್ತದೆ. ಕಳೆದ ವರ್ಷ ಅವಳ ವರದಿಯಲ್ಲಿ ‘ಕಂಡುಬಂದಿಲ್ಲ’ ಎಂದು ಬಂತು. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಸಂತೋಷ ಇಲ್ಲ. ಗಂಡ ಇದೇ ರೋಗದಲ್ಲಿ ತೀರಿಕೊಂಡ ವರ್ಷ ಅವಳು ಮೂವತ್ತೊಂದು ಕಿಲೋ ತೂಗುತ್ತ, ಐದು ವರ್ಷದ ಮಗಳ ಕೈ ಹಿಡಿದು ಮೊದಲ ಸಲ ಬಂದಿದ್ದಳು. ಆ ಮಗಳಿಗೆ ಸೋಂಕು ಇಲ್ಲ ಎಂಬ ಚೀಟಿ ತಂದು ಕೊಟ್ಟವಳೂ ನಾನೇ. ಈಗ ಮಗಳನ್ನು ಮುದ್ದೇಬಿಹಾಳದ ಕಡೆ ಕೊಟ್ಟಾಗಿದೆ. ವರದಿ ಬಂದ ದಿನ ಸಿಸ್ಟರಿಗೂ ಅವಳಿಗೂ ಚಹ ತರಿಸಿ, "ನಿನ್ನ ರಕ್ತದಾಗ ವೈರಸ್ ಇಲ್ಲ ನೋಡು" ಎಂದೆ. ಯಂತ್ರಕ್ಕೆ ಕಾಣುವಷ್ಟು ಇಲ್ಲ ಎಂದು ಹೇಳಬೇಕಿತ್ತು. ಚಹದ ಖುಷಿಯಲ್ಲಿ ‘ಇಲ್ಲ’ ಎಂದಷ್ಟೇ ಹೇಳಿದೆ.

ಎರಡು ತಿಂಗಳಿಗೆ ಬಂದಾಗ ಪಾದ ಉರಿಯುತ್ತವೆ ಎಂದಳು. ಸಂಜೆಯಾದರೆ ಕೆಂಡದ ಮೇಲೆ ನಿಂತಂತೆ, ಬೆಳಿಗ್ಗೆ ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ತಿಳಿಯದಂತೆ. ಮುಂದಿನ ಸಲ ಬಲಗೈಯ ಎರಡು ಬೆರಳಿಗೆ ಬೊಬ್ಬೆ ಇದ್ದವು. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದುವಾಗ ಬಿಸಿ ತಿಳಿದಿರಲಿಲ್ಲ. ಹಾಗಾದರೆ ಇಷ್ಟು ತೆಳ್ಳಗೆ ಹೇಗೆ ಬಡಿಯುತ್ತೀ ಎಂದು ಕೇಳಿದೆ. ಬೆರಳಿಗೆ ತಿಳಿಯುವುದಿಲ್ಲ, ಸಪ್ಪಳಕ್ಕೆ ತಿಳಿಯುತ್ತದೆ ಎಂದಳು. ದಪ್ಪ ಇದ್ದಲ್ಲಿ ಸಪ್ಪಳ ಬೇರೆಯಂತೆ.

ಬಡಿದರೆ ಗುಂಯ್ ಎನ್ನುವ ಉಕ್ಕಿನ ಕವಲುಕಡ್ಡಿಯನ್ನು ಡಾಕ್ಟರರು ಅವಳ ಕಾಲ ಹೆಬ್ಬೆರಳ ಮೇಲಿಟ್ಟರು. ನಡುಕ ತಿಳಿಯಲಿಲ್ಲ. ಕಣಕಾಲಿಗೂ ಅಷ್ಟಕ್ಕಷ್ಟೆ. ಮೊಣಕಾಲಿಗೆ ಇಟ್ಟಾಗ ಬೆಚ್ಚಿದಳು. ಸಕ್ಕರೆ ಪರೀಕ್ಷೆ ಮಾಡಿಸಿದರು, ಸರಿ ಇತ್ತು. ಬಿ ಹನ್ನೆರಡು ಜೀವಸತ್ವ ತುಸು ಕಡಿಮೆ ಇತ್ತು, ಸೂಜಿ ಹಾಕಿಸಿದೆವು. ಅದು ತುಂಬಿದ ಮೇಲೂ ಉರಿ ನಿಲ್ಲಲಿಲ್ಲ. ಕೊನೆಗೆ ಡಾಕ್ಟರರು ಇದು ವೈರಸ್ಸಿನಿಂದಲೇ ನರಕ್ಕೆ ಆದ ಪೆಟ್ಟು ಎಂದರು, ಉರಿಗೆ ಒಂದು ಗುಳಿಗೆ ಬರೆದರು.

ಅವಳು ಹೊರಗೆ ಬಂದು ನನ್ನ ಮುಂದೆ ಕೂತು, ಇಲ್ಲದ ವೈರಸ್ಸು ಪೆಟ್ಟು ಹೇಗೆ ಕೊಟ್ಟಿತು ಎಂದು ಕೇಳಿದಳು. ನನಗೆ ಪೂರ್ತಿ ಗೊತ್ತಿರಲಿಲ್ಲ. ತರಬೇತಿಯಲ್ಲಿ ಯಾರೋ ಹೇಳಿದ್ದು ನೆನಪಾಗಿ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ನರಕ್ಕೂ ಹಿಡಿಯುತ್ತದೆ ಎಂದುಬಿಟ್ಟೆ. ಗೋಣು ಹಾಕಿ ಹೋದಳು. ಮುಂದಿನ ತಿಂಗಳು ಅವಳ ಕಣ್ಣ ಕೆಳಗಿನ ರೆಪ್ಪೆಯ ಒಳಭಾಗ ಬೆಳ್ಳಗಾಗಿತ್ತು. ವಿಚಾರಿಸಿದರೆ, ರಕ್ತ ಹೆಚ್ಚಾಗಲೆಂದು ಕೊಟ್ಟಿದ್ದ ಕಬ್ಬಿಣದ ಗುಳಿಗೆಯನ್ನು ಬಿಟ್ಟಿದ್ದಳು.

"ತುಕ್ಕ ಹತ್ತೂದು ಕಬ್ಬಣಕ್ಕ ಅಂದ್ರಿ. ಕಬ್ಬಣ ತಿನಸಾಕತ್ತಿದ್ದೂ ನೀವ. ಹಂಗಾರ ತುಕ್ಕ ಎಲ್ಲಿಂದ ಬಂತು, ನೀವ ಹೇಳ್ರಿ."

ಸಿಸ್ಟರ್ ನಕ್ಕುಬಿಟ್ಟರು. ನನಗೆ ನಗೆ ಬರಲಿಲ್ಲ. ಅವಳ ಮಾತಿನಲ್ಲಿ ತಪ್ಪೇ ಇರಲಿಲ್ಲ.

ಆ ದಿನ ಸಂಜೆ ಡಾಕ್ಟರರ ಕೋಣೆಯಲ್ಲಿ ವಹಿ ಹಿಡಿದು ಕೂತೆ. ಅವರು ಹಾಸನದ ಕಡೆಯವರು, ನನ್ನ ಮಗನ ವಯಸ್ಸು, ಬಿಡಿಸಿ ಹೇಳುವ ತಾಳ್ಮೆ ಇದೆ. ವಹಿಯ ಕೊನೆಯ ಹಾಳೆಗಳಲ್ಲಿ ಬರೆದುಕೊಂಡದ್ದು ಇದು. ವೈರಸ್ ಸಾಮಾನ್ಯವಾಗಿ ನರಕೋಶದೊಳಗೆ ಮನೆ ಮಾಡುವುದಿಲ್ಲ. ಅದು ಇರುವುದು ಸುತ್ತಲಿನ ಕಾವಲು ಕೋಶಗಳಲ್ಲಿ. ಆ ಕೋಶಗಳು ವೈರಸ್ಸಿನ ಪ್ರೋಟೀನುಗಳನ್ನು ಹೊರಗೆ ಉಗುಳುತ್ತವೆ. ಒಂದು ಅದರ ಹೊರಮೈಯ ಪ್ರೋಟೀನು, ಇನ್ನೊಂದು ಅದು ತನ್ನ ನಕಲು ಮಾಡಿಸಿಕೊಳ್ಳಲು ಬಳಸುವ ಪ್ರೋಟೀನು. ಇವು ಬಂದು ತಗುಲಿದರೆ ನರಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಹದ ತಪ್ಪುತ್ತದೆ. ಆಗ ನಾವು ಉಸಿರಾಡಿದ ಆಮ್ಲಜನಕವೇ ಸಿಕ್ಕಿದ್ದನ್ನು ಹಿಡಿದು ಕೆಡಿಸುವ ರೂಪ ತಾಳುತ್ತದೆ. ಅದನ್ನು ತಣಿಸುವ ಸರಂಜಾಮು ಕೋಶದಲ್ಲೇ ಇರುತ್ತದೆ. ಕೆಡಿಸುವುದು ಹೆಚ್ಚಾಗಿ ತಣಿಸುವುದು ಸಾಲದಾದರೆ ಅದಕ್ಕೆ ಉತ್ಕರ್ಷಣ ಒತ್ತಡ ಎಂದು ಹೆಸರು. ನರಕೋಶದ ಪೊರೆಯಲ್ಲಿ ಬಹಳ ನಾಜೂಕಾದ ಕೊಬ್ಬು ಇರುತ್ತದೆ, ಅದು ಬೇಗ ಕೆಡುತ್ತದೆ. ಉದ್ದನೆಯ ನರಗಳು ಮೊದಲು ಸೋಲುತ್ತವೆ. ಅದಕ್ಕೇ ಮೊದಲು ಪಾದ, ಆಮೇಲೆ ಬೆರಳು.

ರಕ್ತದಲ್ಲಿ ಕಾಣದ ವೈರಸ್ ಇದನ್ನು ಹೇಗೆ ಮಾಡುತ್ತದೆ ಎಂದು ಕೇಳಿದೆ. ನಾವು ಕೊಡುವ ಗುಳಿಗೆ ಹೊಸ ವೈರಸ್ ಹುಟ್ಟದಂತೆ ತಡೆಯುತ್ತದೆ. ಒಳಗೆ ಅಡಗಿ ಕೂತ ಹಳೆಯ ಕೋಶಗಳು ಆಗಾಗ ತುಸು ಪ್ರೋಟೀನು ಉಗುಳುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ ಎಂದರು. ಇದರಲ್ಲಿ ಎಷ್ಟೋ ವಿಷಯ ಗೊತ್ತಾಗಿದ್ದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಂದ. ಒಬ್ಬರ ಕಾಲು ತೋರಿಸಿ ಇಲ್ಲಿ ಇದೇ ನಡೆದಿದೆ ಎಂದು ಆಣೆ ಮಾಡಲಾಗದು ಎಂದೂ ಹೇಳಿದರು. ಅದನ್ನೂ ಬರೆದುಕೊಂಡೆ.

ಬರೆದುಕೊಂಡೆನೇ ಹೊರತು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಮತ್ತೊಂದು ತುಕ್ಕಿನ ಕಥೆಯಾದರೆ ಎಂಬ ಹೆದರಿಕೆ. ಅವಳು ತಿಂಗಳಿಗೊಮ್ಮೆ ಬಂದಳು, ತೂಕ ನೋಡಿದೆ, ಕೆಮ್ಮು, ಜ್ವರ, ಬೆವರು ಕೇಳಿದೆ, ಗುಳಿಗೆ ಎಣಿಸಿದೆ. ಮೂವತ್ತು ಗುಳಿಗೆ ಕೊಟ್ಟು ಇಪ್ಪತ್ತೆಂಟನೆಯ ದಿನ ಕರೆಸುತ್ತೇವೆ, ಡಬ್ಬಿಯಲ್ಲಿ ಎರಡು ಉಳಿದಿರಬೇಕು. ಅವಳ ಡಬ್ಬಿಯಲ್ಲಿ ಯಾವಾಗಲೂ ಎರಡೇ. ನಡುವೆ ಮಗಳು ಬಸಿರಾದ ಸುದ್ದಿ ತಂದಳು. ಕೇಂದ್ರಕ್ಕೆಲ್ಲ ಶೇಂಗಾ ಉಂಡಿ ಹಂಚಿದಳು. ನನಗೆ ಬೇರೆಯಾಗಿ, ಹಳೆಯ ಗುಳಿಗೆ ಡಬ್ಬಿಯೊಂದರ ಚೀಟಿ ಕಿತ್ತು ತೊಳೆದು, ಅದರ ತುಂಬ ಅಗಸಿ ಹಿಂಡಿ, ಎಂದರೆ ಅಗಸೆಬೀಜದ ಚಟ್ನಿಪುಡಿ, ಹಾಕಿ ಕೊಟ್ಟಳು. ಅದನ್ನು ಮೇಜಿನ ಡ್ರಾದಲ್ಲಿಟ್ಟು ನಾಲ್ಕು ದಿನ ಅನ್ನಕ್ಕೆ ಕಲಸಿಕೊಂಡು, ಆಮೇಲೆ ಮರೆತೆ.

ಐವತ್ತು ರೊಟ್ಟಿ ಹೇಳಿದ ದಿನದ ಹಿಂದಿನ ಸಂಜೆ ಈ ವರ್ಷದ ರಕ್ತದ ವರದಿ ಬಂತು. ವೈರಸ್ ಮತ್ತೆ ಕಂಡಿತ್ತು. ಅಷ್ಟಿಷ್ಟಲ್ಲ, ಗುಳಿಗೆಯನ್ನೇ ಮುಟ್ಟದವರಲ್ಲಿ ಕಾಣುವಷ್ಟು.

ಎರಡು ಗಂಟೆಗೆ ಬಂದಳು. ತಲೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ಚೀಲ. ಉಳಿದವರೆಲ್ಲ ಹೋಗಿಯಾಗಿತ್ತು. ನೀರು ಕೊಟ್ಟೆ, ತೂಕ ನೋಡಿದೆ, ಮೂರು ಕಿಲೋ ಇಳಿದಿತ್ತು. ಡಬ್ಬಿ ತೆಗೆಸಿ ತಾಟಿಗೆ ಸುರಿದು ಚಮಚದ ಹಿಡಿಕೆಯಿಂದ ಸರಿಸಿ ಎಣಿಸಿದೆ. ತಾರೀಖಿಗೆ ಸರಿಯಾಗಿ ಹದಿನೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ವರದಿಯನ್ನು ತಾಟಿನ ಪಕ್ಕ ಇಟ್ಟೆ.

ಅವಳಿಗೆ ಓದು ಬಾರದು, ಆದರೆ ನನ್ನ ಮುಖ ಓದಲು ಬರುತ್ತದೆ.

"ಬಿಟ್ಟೇನ್ರಿ."

ಎಂದಿನಿಂದ ಎಂದೆ. ಮಗಳ ಸುದ್ದಿ ಬಂದಾಗಿನಿಂದ ಎಂದಳು. ಹಾಗಾದರೆ ಈ ಲೆಕ್ಕ ಸರಿಯಾಗಿದ್ದು ಹೇಗೆ ಎಂದು ಕೇಳಿದೆ.

"ದಿನಾ ರಾತ್ರಿ ಎಂಟಕ್ಕ ಒಂದು ಬಚ್ಚಲ ಒಲಿಯಾಗ ಹಾಕೇನಿ. ಒಂದಿನಾನೂ ತಪ್ಪಿಸಿಲ್ರಿ."

ಎಂಟು ಗಂಟೆ ತಪ್ಪಿಸಬೇಡ ಎಂದು ಕಲಿಸಿದವಳು ನಾನು. ಅವಳು ಅದನ್ನೂ ಪಾಲಿಸಿದ್ದಳು.

ನಾನು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳತೊಡಗಿದಳು. ಮಗಳಿಗೆ ಎಂಟನೆಯ ತಿಂಗಳು. ಮುಂದಿನ ತಿಂಗಳು ಹೆರಿಗೆಗೆ ತವರಿಗೆ ಕರೆತರಬೇಕು. ಮೊದಲ ಬಾಣಂತನ. ಕೂಸಿಗೆ ನೀರು ಎರೆಯುವವಳು ತಾನೇ, ನೆಗೆಣ್ಣಿ ಕೂಸು ಮುಟ್ಟಲು ಹೆದರುತ್ತಾಳೆ. ಎಸರಿನ ಬಿಸಿ ತಿಳಿಯದ ಕೈಗೆ ಎರೆಯುವ ನೀರಿನ ಬಿಸಿ ಹೇಗೆ ತಿಳಿಯುತ್ತದೆ?

"ರಕ್ತದಾಗ ವೈರಸ್ ಇಲ್ಲ ಅಂದ್ರಿ, ಚಾ ಕುಡಿಸಿದ್ರಿ. ಸಕ್ಕರಿ ಇಲ್ಲ ಅಂದ್ರಿ. ಇನ್ನ ಉಳಿದಿದ್ದು ನಿಮ್ಮ ಗುಳಿಗಿ ಒಂದ. ಬಿಟ್ರ ಕೂಸು ಬರೂದ್ರೊಳಗ ಕೈ ಬರ್ತಾವ ಅಂತ ಮಾಡಿದ್ನಿರಿ." ಆಮೇಲೆ ದನಿ ಇಳಿಸಿ, "ಮೊದಲನೇ ಗುಳಿಗೀ ಕಾಲಕ್ಕೂ ನೀವ ಹಿಂಗ ಹೇಳಿದ್ರಿ, ಗುಳಿಗೀದಲ್ಲ ಅಂತ" ಎಂದಳು.

ಇದಕ್ಕೆ ನನ್ನ ಬಳಿ ಉತ್ತರ ಇತ್ತು, ಹೇಳಿಯೇ ಇರಲಿಲ್ಲ. ಅವಳು ಗುಳಿಗೆ ಶುರು ಮಾಡಿದ ಆರಂಭದ ವರ್ಷಗಳಲ್ಲಿ ಕೊಡುತ್ತಿದ್ದ ಮೂರು ಔಷಧಗಳಲ್ಲಿ ಒಂದು ಕಾಲುರಿ ತರುವಂಥದು. ಅದೂ ನರಕೋಶದ ಮೈಟೋಕಾಂಡ್ರಿಯಾಕ್ಕೇ ಪೆಟ್ಟು ಕೊಡುತ್ತಿತ್ತು. ಆಗ ಅವಳು ಜೋಮು ಹಿಡಿಯುತ್ತದೆ ಎಂದಾಗ, ಗುಳಿಗೆಯಿಂದಲ್ಲ, ಬಿಡಬೇಡ ಎಂದು ನಾನು ಗದರಿದ್ದೆ. ಬಿಟ್ಟರೆ ಸಾಯುತ್ತಾಳೆಂಬ ಭಯ ನನಗೆ. ಕೆಲವು ವರ್ಷಗಳಾದ ಮೇಲೆ ಅದೇ ಕಾರಣಕ್ಕೆ ಆ ಔಷಧವನ್ನು ಎಲ್ಲರಿಗೂ ಬದಲಿಸಿದರು. ಹೊಸ ಡಬ್ಬಿ ಕೊಡುವಾಗ ‘ಇದು ಇನ್ನೂ ಛಲೋದು’ ಎಂದಷ್ಟೇ ಹೇಳಿದ್ದೆ. ಹಳೆಯದರ ಬಗ್ಗೆ ನಾನು ತಪ್ಪು ಹೇಳಿದ್ದೆ ಎಂದು ಅವಳಿಗಾಗಲಿ ಇನ್ನೊಬ್ಬರಿಗಾಗಲಿ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಎದ್ದು ಹೊರಗಿನ ಕಟ್ಟೆಯ ತನಕ ಹೋದೆ. ಗಡಿಗೆಯ ನೀರು ಕುಡಿದೆ. ಈಗ ಒಪ್ಪಿಕೊಂಡರೆ ಇವತ್ತಿನ ಗುಳಿಗೆಯನ್ನೂ ನಂಬದೆ ಹೋದಾಳು. ಒಪ್ಪಿಕೊಳ್ಳದಿದ್ದರೆ ನಾನು ಹೇಳುವ ಯಾವುದನ್ನೂ ನಂಬಲು ಅವಳಿಗೆ ಕಾರಣವಿಲ್ಲ. ಡಾಕ್ಟರರ ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ನಿಜ ತಾನೆ ಮೇಡಂ, ಹೇಳಿಬಿಡಿ" ಎಂದರು. ಒಳಗೆ ಬಂದು ಎದುರಿನ ಕುರ್ಚಿ ಬಿಟ್ಟು ಅವಳು ಕೂತಿದ್ದ ಬೆಂಚಿನ ಮೇಲೆಯೇ ಕೂತೆ.

"ಮೊದಲನೇ ಗುಳಿಗೀದು ನೀ ಹೇಳಿದ್ದು ಖರೆ ಇತ್ತು, ತಂಗಿ. ಅದರಿಂದನೂ ಕಾಲ ಉರೀತಿದ್ದು. ನಾ ತಪ್ಪ ಹೇಳಿದ್ನಿ. ಆಮ್ಯಾಲೆ ಗೊತ್ತಾದ ಮ್ಯಾಲೂ ಹೇಳಲಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆಯೇ, ಊಟ ಆಗಿದೆಯೋ ಎಂದು ಕೇಳಿದಳು. ಆಗಿರಲಿಲ್ಲ, ಅವಳದೂ ಆಗಿರಲಿಲ್ಲ. ಗಂಟು ಬಿಚ್ಚಿ ನಾಲ್ಕು ರೊಟ್ಟಿ ತೆಗೆದಳು, ನಾನು ಮೊಸರನ್ನದ ಡಬ್ಬಿ ಬಿಚ್ಚಿದೆ. ಹಚ್ಚಿಕೊಳ್ಳಲು ಏನಾದರೂ ಬೇಕಲ್ಲ ಎಂದು ಡ್ರಾ ಎಳೆದು ಅವಳೇ ಕೊಟ್ಟಿದ್ದ ಹಿಂಡಿಯ ಡಬ್ಬಿ ತೆಗೆದೆ. ಮುಚ್ಚಳ ತಿರುವಿದ್ದೇ ತಡ, ಕಮಟು ವಾಸನೆ ಮೂಗಿಗೆ ಹೊಡೆಯಿತು.

ಅವಳು ಡಬ್ಬಿ ಕಸಿದುಕೊಂಡಳು. ಅಗಸಿ ಹಿಂಡಿಯನ್ನು ಇಷ್ಟು ದಿನ ಇಡುವವರು ಯಾರು, ಓದಿದವರಿಗೆ ಇದೂ ತಿಳಿಯುವುದಿಲ್ಲವೇ ಎಂದು ಬಯ್ದಳು. ಶೇಂಗಾದ್ದು ಒಂದಿಷ್ಟು ತಡೆಯುತ್ತದೆ, ಅಗಸಿಯ ಎಣ್ಣೆ ನಾಜೂಕು, ಗಾಳಿ ಹತ್ತಿದರೆ ಸಾಕು. ಮುಚ್ಚಳ ಗಟ್ಟಿಯಾಗಿಯೇ ಇತ್ತಲ್ಲ ಎಂದೆ. ಒಳಗಿದ್ದ ಗಾಳಿ ಎಲ್ಲಿ ಹೋಗುತ್ತದೆ ಎಂದಳು. ನಾನು ತಿನ್ನುವುದನ್ನು ಬಿಟ್ಟು ಕೇಳುತ್ತ ಕೂತೆ. ಇದರಲ್ಲಿ ಹುಳವಿಲ್ಲ, ಬೂಸ್ಟಿಲ್ಲ, ಬೆಂಕಿ ತಾಗಿಲ್ಲ, ಆದರೂ ಕೆಟ್ಟಿದೆಯಲ್ಲ ಎಂದು ಮತ್ತೆ ಕೆಣಕಿದೆ.

ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದು, ಒಳಗಿನ ತಿರುಪಿನ ಸುತ್ತಿನಲ್ಲಿ ಉಗುರಾಡಿಸಿ, ಅಂಟಂಟಾದ ಒಂದು ಎಳೆ ತೆಗೆದು ತೋರಿಸಿದಳು.

"ಇದು ನನ್ನದ ತಪ್ಪ. ಇದರಾಗ ಮೊದಲೊಮ್ಮಿ ಹಿಂಡಿ ಇಟ್ಟಿದ್ನಿ. ಡಬ್ಬಿ ತೊಳದೇನಿ, ಮುಚ್ಚಳದ ಸುತ್ತಿನಾಗ ಹಳೇದು ಒಂದೀಟು ಉಳದೈತಿ. ಅದು ಹೊಸಾದನ್ನೂ ಲಗೂನ ಕೆಡಸ್ತೈತ್ರಿ."

ವಹಿಯ ಕೊನೆಯ ಹಾಳೆಗಳಲ್ಲಿ ನಾನು ತಿಂಗಳುಗಟ್ಟಲೆ ಹಿಡಿದು ಕೂತಿದ್ದನ್ನು ಅವಳು ಉಗುರಿನ ತುದಿಯಲ್ಲಿ ಹಿಡಿದಿದ್ದಳು.

ಮೆಲ್ಲಗೆ ಹೇಳಿದೆ. ನಿನ್ನ ನರದ ಸುತ್ತಲೂ ಅಗಸಿಯಂಥದೇ ನಾಜೂಕು ಕೊಬ್ಬು. ನಿನ್ನ ರಕ್ತ ತೊಳೆದ ಡಬ್ಬಿ, ಕಳೆದ ವರ್ಷ ನಾವು ನೋಡಿದ್ದು ಅದನ್ನೇ. ಮುಚ್ಚಳದ ಸುತ್ತಿನಲ್ಲಿ ಇರುವುದನ್ನು ನಮ್ಮ ಯಂತ್ರ ನೋಡುವುದಿಲ್ಲ. ಅಲ್ಲಿ ಉಳಿದ ವೈರಸ್ಸು ತನ್ನ ಪ್ರೋಟೀನು ಸುರಿಸುತ್ತಿರುತ್ತದೆ, ಅದು ತಗುಲಿದಲ್ಲಿ ನಿನ್ನ ಉಸಿರಿನ ಗಾಳಿಯೇ ನರದ ಕೊಬ್ಬನ್ನು ಕಮಟು ಮಾಡುತ್ತದೆ. ಗುಳಿಗೆ ಡಬ್ಬಿಯನ್ನು ತೊಳೆದಿಡುತ್ತದೆ, ಸುತ್ತಿನೊಳಗೆ ಅದರ ಕೈ ಪೂರ್ತಿ ಹೋಗುವುದಿಲ್ಲ. ಬಿಟ್ಟರೆ ಡಬ್ಬಿಯ ತುಂಬ ಹಳೆಯದೇ ತುಂಬುತ್ತದೆ.

ಅವಳು ವರದಿಯ ಹಾಳೆಯನ್ನು ನೋಡಿದಳು. "ಈಗ ತುಂಬೈತಿ?"

ತುಂಬಿದೆ ಎಂದೆ.

ಹಾಗಾದರೆ ಮತ್ತೆ ತಿಂದರೆ ಕೈ ಬರುತ್ತವೋ ಎಂದು ಕೇಳಿದಳು. ಇಲ್ಲಿ ಸುಳ್ಳು ಹೇಳುವುದು ಸುಲಭವಿತ್ತು. ಕೆಟ್ಟ ಹಿಂಡಿ ಮರಳಿ ಛಲೋ ಆಗುವುದಿಲ್ಲ, ಹೊಸದು ಕೆಡುವುದನ್ನು ತಡೆಯಬಹುದು. ಸ್ವಲ್ಪ ಬಂದರೂ ಬಂದೀತು, ಬರದೆಯೂ ಇದ್ದೀತು ಎಂದೆ. ಮುಂದಿನ ತಿಂಗಳೊಳಗಂತೂ ಇಲ್ಲ.

ಅವಳ ಕಣ್ಣು ತುಂಬಿದವು. ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು. ಎರೆಯುವುದು ಯಾರು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸಿಸ್ಟರ್, ಮೊಣಕಾಲಿಗೆ ಕಡ್ಡಿ ಇಟ್ಟಾಗ ಬೆಚ್ಚಿದ್ದಳಲ್ಲ ಎಂದರು. ಹೌದಲ್ಲ. ಉದ್ದನೆಯ ನರ ಮೊದಲು ಸೋಲುವುದಾದರೆ ಮೊಣಕೈಯ ನರ ಇನ್ನೂ ಇದ್ದೀತು.

ಎರಡು ಸ್ಟೀಲಿನ ಲೋಟ ತಂದೆವು. ಒಂದಕ್ಕೆ ಗಡಿಗೆಯ ನೀರು, ಇನ್ನೊಂದಕ್ಕೆ ಸಿಸ್ಟರ್ ತಮ್ಮ ಥರ್ಮಾಸಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೈಗೆ ಹಾಕಿಕೊಳ್ಳುವಷ್ಟು ಬೆಚ್ಚಗೆ ಮಾಡಿದರು. ಅವಳಿಗೆ ಕಣ್ಣು ಮುಚ್ಚಿಸಿದೆ. ಬೆರಳ ತುದಿಗೆ ಒಂದೊಂದಾಗಿ ತಾಗಿಸಿದೆ. ಎರಡೂ ಒಂದೇ ಎಂದಳು. ಮಣಿಕಟ್ಟಿಗೆ ತಾಗಿಸಿದೆ, ಯೋಚಿಸಿ ಒಮ್ಮೆ ಸರಿ, ಒಮ್ಮೆ ತಪ್ಪು ಹೇಳಿದಳು. ಕುಪ್ಪಸದ ತೋಳು ಮೇಲೆ ಸರಿಸಿ ಮೊಣಕೈಗೆ ತಾಗಿಸಿದೆ.

"ಇದು ಬಿಸೀದು," ಎಂದಳು. ಇನ್ನೊಂದು ತಾಗಿಸಿದೆ. "ಇದು ಗಡಗೀದು."

ಹತ್ತು ಸಲ ಅದಲುಬದಲು ಮಾಡಿದೆವು. ಹತ್ತು ಸಲವೂ ಸರಿ. ಕೊನೆಗೆ ಸಿಸ್ಟರ್ ಬೇಕೆಂದೇ ಎರಡೂ ಸಲ ತಣ್ಣಗಿನದೇ ತಾಗಿಸಿದರು. "ನನಗ ಮಂಗ್ಯಾ ಮಾಡಾಕತ್ತೀರೇನ್ರಿ ಸಿಸ್ಟರ್" ಎಂದಳು, ಕಣ್ಣು ಮುಚ್ಚಿಕೊಂಡೇ. ಆ ದಿನ ಅವಳು ನಕ್ಕದ್ದು ಆಗಲೇ.

ಮೊದಲು ತಣ್ಣೀರು ಹಾಕಬೇಕು, ಆಮೇಲೆ ಬಿಸಿ ಬೆರೆಸಬೇಕು, ಮೊಣಕೈ ಅದ್ದಿ ಹತ್ತು ಎಣಿಸಬೇಕು, ಮಗಳ ಕೈಯನ್ನೂ ಒಮ್ಮೆ ಅದ್ದಿಸಬೇಕು. ಅದಾದ ಮೇಲಷ್ಟೇ ಕೂಸು. ಮೂರು ಸಲ ಹೇಳಿಸಿದೆ. ಎರೆಯುವವರೆಲ್ಲ ಮೊಣಕೈ ಅದ್ದುತ್ತಾರೆ, ತನ್ನ ತಾಯಿಯೂ ಅದ್ದುತ್ತಿದ್ದಳು, ತನಗೆ ಹೊಳೆದಿರಲಿಲ್ಲ ನೋಡ್ರಿ ಎಂದಳು.

ಡಾಕ್ಟರರು ಪರೀಕ್ಷಿಸಿ ಅದೇ ಗುಳಿಗೆಯನ್ನು ಮತ್ತೆ ಶುರು ಮಾಡಿಸಿದರು, ಕಬ್ಬಿಣದ್ದನ್ನು ಬೇರೆ ಹೊತ್ತಿಗೆ ಬರೆದರು. ನಿಯಮದಂತೆ ಇನ್ನು ಮೂರು ತಿಂಗಳು ಅವಳು ಹೆಚ್ಚಿನ ಮಾತುಕತೆಗೆ ಬರಬೇಕು, ಆಮೇಲೆ ಮತ್ತೆ ರಕ್ತ. ಗುಳಿಗೆಯನ್ನೂ ಪ್ರತಿ ಸಲ ಎಣಿಸಬೇಕು. ತಾಟನ್ನು ಅವಳ ಮುಂದೆ ಸರಿಸಿ, ಇನ್ನು ಮೇಲೆ ಎಣಿಸುವವಳು ನೀನು, ನಾನು ಬರೆದುಕೊಳ್ಳುತ್ತೇನೆ ಎಂದೆ. ಬೆರಳಿಗೆ ಸಿಗದೆ ಎರಡು ಗುಳಿಗೆ ಜಾರಿ ಬೆಂಚಿನ ಕೆಳಗೆ ಹೋದವು. ಇಬ್ಬರೂ ಬಗ್ಗಿ ಹುಡುಕಿದೆವು.

ಹೊರಡುವಾಗ, ಎಂಟಕ್ಕೆ ಗುಳಿಗೆ ನುಂಗಿ ಒಂದು ಮಿಸ್ಡ್ ಕಾಲ್ ಕೊಡುತ್ತೇನೆ ಎಂದು ತಾನಾಗಿಯೇ ಹೇಳಿದಳು. ಗುಳಿಗೆಯನ್ನು ಒಲೆಗೆ ಹಾಕಿಯೂ ಮಿಸ್ಡ್ ಕಾಲ್ ಕೊಡಬಹುದು. ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಕೊಡು ಎಂದೆ. ಹಿಂಡಿಯ ಡಬ್ಬಿಯನ್ನು ಅವಳು ಕಸದ ಬುಟ್ಟಿಗೆ ಹಾಕಿ, ಮುಚ್ಚಳವನ್ನೂ ಅದರ ಮೇಲೆ ಹಾಕಿದಳು. ನಾಲ್ಕೂವರೆಯ ಬಸ್ಸಿಗೆ ಹೋದಳು.

ರೊಟ್ಟಿಗಳಲ್ಲಿ ಹತ್ತನ್ನು ಸಿಸ್ಟರ್ ಒಯ್ದರು, ಆರನ್ನು ಡಾಕ್ಟರರಿಗೆ ಕೊಟ್ಟೆ, ಅವರು ಅವನ್ನು ಚಹದಲ್ಲಿ ಅದ್ದಿ ತಿನ್ನುತ್ತಾರೆ, ನಾವು ನೋಡದವರಂತೆ ಇರುತ್ತೇವೆ. ಉಳಿದವು ಮನೆಗೆ ಬಂದವು. ಬೆಳಿಗ್ಗೆ ಕಟ್ಟಿಟ್ಟಿದ್ದ ಹೆಸರುಕಾಳು ಸಂಜೆಗೆ ಸಣ್ಣಗೆ ಮೊಳಕೆ ಒಡೆದಿತ್ತು, ಒಗ್ಗರಣೆ ಹಾಕಿದೆ. ಏಳೂವರೆಗೆ ಮೂವರೂ ಊಟಕ್ಕೆ ಕೂತೆವು. ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಉಳ್ಳಾಗಡ್ಡಿ. ಅತ್ತೆಯವರು ಒಂದು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಮಸ್ತ ತೆಳ್ಳಗಾಗ್ಯಾವ. ಇದೊಂದರ ಅಂಚು ದಪ್ಪ ಬಿದ್ದೈತಿ ನೋಡು, ಬಡಿಯೂ ಮುಂದ ಏನೋ ವಿಚಾರ ಮಾಡ್ಯಾಳ" ಎಂದರು. ಆ ದಪ್ಪ ಅಂಚಿನದನ್ನು ನಾನು ತಿಂದೆ. ಹಿಂಡಿ ಯಾಕಿಲ್ಲ ಎಂದು ಕೇಳಿದರು. ಅಗಸಿ ಹಿಂಡಿ ಮುಚ್ಚಳದ ಸುತ್ತಿನಲ್ಲಿ ಉಳಿದು ಹೇಗೆ ಕೆಡುತ್ತದೆ ಎಂದು, ಯಾರು ಹೇಳಿದ್ದೆಂಬುದನ್ನು ಬಿಟ್ಟು, ಹೇಳಿದೆ.

ಎಂಟಾಯಿತು. ಎಂಟೂ ಐದು, ಎಂಟೂ ಹತ್ತು. ಫೋನನ್ನು ತಾಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಎಂಟೂ ಹದಿನೈದಕ್ಕೆ ಒಂದು ಸಲ ಬಾರಿಸಿ ನಿಂತಿತು. ಯಾರದೆಂದು ಮನೆಯವರು ಕೇಳಿದರು. ರೊಟ್ಟಿಯಾಕೆಯದು, ಇಪ್ಪತ್ತೈದು ಹೇಳಬೇಕಿತ್ತು, ನಾಳೆ ಹೇಳುತ್ತೇನೆ ಎಂದೆ.

ನಮ್ಮ ಮನೆಯಲ್ಲಿ ಯಾವಾಗಲೂ ಮೊದಲು ಮಲಗುವವರು ಅತ್ತೆಯವರು. ಆ ದಿನ ಅವರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿಕೊಂಡು, ಒಂದೊಂದರ ಮುಚ್ಚಳ ತಿರುವಿ ಮೂಸಿ ನೋಡುತ್ತ ಕೂತಿದ್ದಾಗಲೇ ನಾನು ಮಲಗಿಬಿಟ್ಟಿದ್ದೆ.